ಸುತ್ತು ದಾರಿ, ಬೇಗ ಊರು

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನದ ದಾರಿ ಬದಲಿಸಿತು. ಅಲ್ಲಿಯವರೆಗೆ ಅಟ್ಲಾಂಟಿಕ್ ದಾಟಿ ಸುಮಾರು 13,900 ಕಿ.ಮೀ. ಹೋಗುತ್ತಿದ್ದ ವಿಮಾನ ಪೂರ್ವಕ್ಕೆ ಹೊರಳಿ ಪೆಸಿಫಿಕ್ ಸಾಗರದ ಮೇಲೆ ಹಾರತೊಡಗಿತು. ಹೊಸ ದಾರಿ ಸುಮಾರು 15,300 ಕಿ.ಮೀ. ಅಷ್ಟು ಸುತ್ತು ಹಾಕಿಯೂ ಹೆಚ್ಚುಕಮ್ಮಿ ಎರಡು ಗಂಟೆ ಮೊದಲೇ ತಲುಪುತ್ತಿತ್ತು!

ಕಾರಣ, ಗಾಳಿ. ಬೋಯಿಂಗ್ 777 ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ ಎಂದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಓಡುತ್ತಿದ್ದರೆ ನೆಲದ ಲೆಕ್ಕ ಬೇರೆಯಾಗುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ. ಸೀಟಿನ ಮುಂದಿನ ಪರದೆಯಲ್ಲಿ ಸಿನಿಮಾ ಬಿಟ್ಟು ನಕ್ಷೆ ಹಾಕಿಕೊಂಡರೆ ಇದು ಕಣ್ಣಿಗೇ ಕಾಣುತ್ತದೆ: ಎಂಜಿನ್ ಸದ್ದು ಒಂದಿಷ್ಟೂ ಬದಲಾಗದೆ ವೇಗದ ಅಂಕಿ 900ರಿಂದ 1,050ಕ್ಕೆ ಏರಿರುತ್ತದೆ.

2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಬಿರುಗಾಳಿಯ ಆ ದಿನ ನೆಲದ ಲೆಕ್ಕದಲ್ಲಿ ಅದರ ವೇಗ 1,300 ಕಿ.ಮೀ. ಮೀರಿತ್ತು. ಹಾಗೆಂದು ಅದೇನೂ ಶಬ್ದದ ವೇಗವನ್ನು ಹಿಂದಿಕ್ಕಲಿಲ್ಲ. ತನ್ನನ್ನು ಹೊತ್ತೊಯ್ಯುತ್ತಿದ್ದ ಗಾಳಿಯೊಳಗೆ ಅದರದ್ದು ದಿನನಿತ್ಯದ ವೇಗವೇ.

ಹೋಗುವಾಗ ಗಳಿಸಿದ್ದು ಬರುವಾಗ ಕಳೆದು ಲೆಕ್ಕ ಸರಿಹೋಗುತ್ತದೆಯೇ? ಇಲ್ಲ. 8,000 ಕಿ.ಮೀ. ದೂರ, 100 ಕಿ.ಮೀ. ಗಾಳಿ ಎಂದಿಟ್ಟುಕೊಳ್ಳಿ. ಹೋಗಲು 8 ಗಂಟೆ, ಬರಲು 10; ಒಟ್ಟು 18. ಗಾಳಿಯೇ ಇಲ್ಲದಿದ್ದರೆ 17 ಗಂಟೆ 47 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೇವೆ, ಅಷ್ಟೆ.

ಭೂಮಿ ಪೂರ್ವಕ್ಕೆ ತಿರುಗುತ್ತಿರುವಾಗ ಪಶ್ಚಿಮಕ್ಕೆ ಹಾರುವವರಿಗೆ ಊರೇ ಎದುರು ಬರಬೇಕಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಆದರೆ ವಾತಾವರಣವೂ ವಿಮಾನವೂ ಭೂಮಿಯ ಜೊತೆಗೇ ತಿರುಗುತ್ತಿರುತ್ತವೆ. ತಿರುಗುವಿಕೆಯ ಪ್ರಭಾವ ಬೇರೆ ರೀತಿಯದು: ಬಿಸಿ ಪ್ರದೇಶದಿಂದ ಧ್ರುವದತ್ತ ಹೊರಟ ಗಾಳಿಯನ್ನು ಅದು ಪೂರ್ವಕ್ಕೆ ಬಾಗಿಸುತ್ತದೆ. ಜೆಟ್ ಸ್ಟ್ರೀಮ್ ಹುಟ್ಟುವುದಕ್ಕೆ ಅದೂ ಒಂದು ಕಾರಣ.

ಬೆಂಗಳೂರಿನ ಕಥೆ ಇನ್ನೂ ಸ್ವಾರಸ್ಯ. ಗ್ಲೋಬಿನ ಮೇಲೆ ದಾರ ಬಿಗಿಹಿಡಿದರೆ ಸ್ಯಾನ್ ಫ್ರಾನ್ಸಿಸ್ಕೋಗೂ ನಮಗೂ ಸುಮಾರು 14,000 ಕಿ.ಮೀ.; ದಾರ ಅಲಾಸ್ಕಾ, ಸೈಬೀರಿಯಾಗಳ ಮೇಲೆ ಹಾಯುತ್ತದೆ. ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಇನ್ನೂ ಉತ್ತರಕ್ಕೆ ಸರಿದು, ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 17 ಗಂಟೆಯಲ್ಲಿ ಬೆಂಗಳೂರು ಮುಟ್ಟಿತು. ಇಲ್ಲಿ ಆಗಲೇ ಸೋಮವಾರದ ನಸುಕು. ಪಾಪ, ಪ್ರಯಾಣಿಕರ ಭಾನುವಾರ ಆಕಾಶದಲ್ಲೇ ಮುಗಿದಿತ್ತು.

ಧ್ರುವದತ್ತ ಸರಿದರೆ ಪೆಸಿಫಿಕ್ ಮೇಲಿನ ಎದುರುಗಾಳಿ ತಪ್ಪುತ್ತದೆ, ಆದರೆ ಚಳಿ ಕಾಡುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಹಾಗಾಗಿ ಪೈಲಟ್‌ಗಳು ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. ತೀರಾ ಇಳಿದರೆ ಬೆಚ್ಚಗಿನ ಗಾಳಿಯಿರುವ ಮಟ್ಟಕ್ಕೆ ವಿಮಾನವನ್ನು ಇಳಿಸುತ್ತಾರೆ, ಇಲ್ಲವೇ ವೇಗ ತುಸು ಹೆಚ್ಚಿಸುತ್ತಾರೆ. ವೇಗ ಹೆಚ್ಚಿದಂತೆ ಗಾಳಿಯ ಒತ್ತಡ, ಉಜ್ಜಾಟಗಳಿಂದ ರೆಕ್ಕೆಯ ಮೈ ಕೊಂಚ ಬಿಸಿಯಾಗುತ್ತದೆ; ಇಂಧನದ ಟ್ಯಾಂಕ್ ಇರುವುದೂ ಆ ರೆಕ್ಕೆಯೊಳಗೇ.