ಕ್ರೋಶಾ ಬುಟ್ಟಿಯ ತಳ

ಕ್ರೋಶಾ ಕಡ್ಡಿಯನ್ನು ಹಿಡಿಯಬಲ್ಲ ಸೋದರಿಯರು ನಮ್ಮಲ್ಲಿ ಬಹುಮಂದಿ ಇರುವರು. ಮೇಜಿನ ಹೊದಿಕೆ, ಬಾಗಿಲ ತೋರಣ, ಮಗುವಿನ ಕುಲಾವಿ ಇವೆಲ್ಲವೂ ಅವರ ಕೈಯಿಂದ ಸಲೀಸಾಗಿ ಮೂಡಿಬರುವುವು. ಆದರೆ ಅದೇ ಕೈ ಸಂತೆಯ ಚೀಲವನ್ನೋ ತರಕಾರಿಯ ಬುಟ್ಟಿಯನ್ನೋ ಹೆಣೆಯಹೊರಟಾಗ ಕೆಲಸವು ಸಾಮಾನ್ಯವಾಗಿ ಕೆಡುವುದು ತಳದಲ್ಲಿ. ಅದು ಬಟ್ಟಲಿನಂತೆ ಕುಳಿಬೀಳುವುದು; ಇಲ್ಲವೆ ಸೀರೆಯ ನಿರಿಗೆಯಂತೆ ಅಲೆಯೇಳುವುದು; ಇಲ್ಲವೆ ಎರಡು ತೆಂಗಿನಕಾಯಿಗಳನ್ನಿಟ್ಟೊಡನೆ ಜೋಲುಬೀಳುವುದು. ಮೇಲಿನ ಹೂವು ಎಷ್ಟು ಅಂದವಾಗಿದ್ದರೇನು? ನೆಲದ ಮೇಲೆ ನಿಲ್ಲಲಾರದ ಬುಟ್ಟಿಯಿಂದ ಮನೆಗೆ ಪ್ರಯೋಜನವಿಲ್ಲ.

ತಳವನ್ನು ಕಟ್ಟುವ ವಿದ್ಯೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಗೆ ಹೊಸತಲ್ಲ. ಮೂಡಬಿದಿರೆಯ ಹೆಸರಿನಲ್ಲಿಯೇ ಬಿದಿರು ಇದೆಯಷ್ಟೆ. ತುಳುನಾಡಿನ ಕೊರಗ ಸಮುದಾಯದವರು ಬಿದಿರಿನಿಂದಲೂ ಕಾಡುಬಳ್ಳಿಗಳಿಂದಲೂ ಬುಟ್ಟಿ ಹೆಣೆಯುವುದರಲ್ಲಿ ತಲೆತಲಾಂತರದಿಂದ ನಿಪುಣರು. ಅವರ ಬುಟ್ಟಿ ಮನೆಯೊಳಗೆ ಬಂದಿತು. ಹೆಣೆದವರನ್ನು ಮಾತ್ರ ಸಮಾಜವು ಅಂಗಳದಾಚೆ ನಿಲ್ಲಿಸಿತು. ಅವರನ್ನು ಅವಮಾನಕ್ಕೆ ಗುರಿಮಾಡುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕದಲ್ಲಿ ಕಾನೂನಿನ ಮೂಲಕ ನಿಷೇಧಿಸಿದುದು 2000ದ ಇಸವಿಯಲ್ಲಿ. ಬಳ್ಳಿಯ ದುಂಡುಬುಟ್ಟಿಯೊಂದನ್ನು ಬೋರಲು ಹಾಕಿ ನೋಡಿರಿ. ನಡುವಿನಿಂದ ಕಡ್ಡಿಗಳು ಕಿರಣಗಳಂತೆ ಹರಡುವುವು. ಸುತ್ತು ಹಿರಿದಾದಂತೆ ಅವುಗಳ ನಡುವಣ ಎಡೆ ಅಗಲವಾಗುವುದರಿಂದ ಅಲ್ಲಿ ಹೊಸ ಕಡ್ಡಿಯನ್ನು ಸೇರಿಸಬೇಕಾಗುವುದು. ನೂಲಿನ ತಳಕ್ಕೂ ಇದೇ ನ್ಯಾಯ.

ದುಂಡು ತಳದ ಲೆಕ್ಕ

ಗಟ್ಟಿ ತಳಕ್ಕೆ ಗಿಡ್ಡ ಕಂಬವೇ ಯೋಗ್ಯ. ಕುಣಿಕೆಯೊಳಗೆ ಕಡ್ಡಿ ತೂರಿಸಿ ನೂಲನ್ನೆಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಗಳನ್ನೂ ಒಮ್ಮೆಗೇ ದಾಟಿಸುವುದು ಗಿಡ್ಡ ಕಂಬ. ಮೊದಲ ಸುತ್ತಿನಲ್ಲಿ 6 ಕಂಬಗಳು. ಎರಡನೆಯದರಲ್ಲಿ ಪ್ರತಿಯೊಂದರಲ್ಲಿಯೂ ಎರಡೆರಡು ಹಾಕಿದರೆ 12. ಮುಂದೆ 18, 24, 30, ಹೀಗೆ ಸುತ್ತಿಗೆ ಆರಾರು ಏರತಕ್ಕದ್ದು. ಹತ್ತನೆಯ ಸುತ್ತಿನಲ್ಲಿ 60 ಇರಬೇಕು.

ಆರೇ ಏಕೆ? ವೃತ್ತದ ಪರಿಧಿಯು ಅದರ ತ್ರಿಜ್ಯದ ಆರು ಪಟ್ಟಿಗಿಂತ ತುಸು ಹೆಚ್ಚು. ಗಿಡ್ಡ ಕಂಬದ ಎತ್ತರವೂ ಅಗಲವೂ ಹೆಚ್ಚುಕಡಮೆ ಸಮವಾದುದರಿಂದ, ಒಂದು ಸುತ್ತು ಬೆಳೆದಾಗ ಆರು ಕಂಬಗಳಷ್ಟು ಜಾಗ ಹೆಚ್ಚುವುದು. ಕಡ್ಡಿಗೆ ಮೊದಲೇ ನೂಲು ಸುತ್ತಿ ಹೆಣೆಯುವ ಉದ್ದ ಕಂಬವು ಸುಮಾರು ಎರಡು ಪಟ್ಟು ಎತ್ತರವಾದುದರಿಂದ ಅದಕ್ಕೆ ಸುತ್ತಿಗೆ 12 ಬೇಕು. ತಳವು ಬಟ್ಟಲಾದರೆ ಕಂಬಗಳು ಕಡಮೆಯಾಗಿವೆ, ನಿರಿಗೆಯಾದರೆ ಹೆಚ್ಚಾಗಿವೆ ಎಂದು ತಿಳಿಯಿರಿ. ಏರಿಕೆಗಳು ಒಂದರ ಮೇಲೊಂದು ಬಿದ್ದರೆ ವೃತ್ತವು ಆರು ಮೂಲೆಯದಾಗುವುದು. ಆದಕಾರಣ ಸುತ್ತುಸುತ್ತಿಗೆ ಅವುಗಳ ಸ್ಥಾನವನ್ನು ಬದಲಿಸಬೇಕು.

ನೀಳ ತಳ

ಚೀಲಕ್ಕೆ ನೀಳವಾದ ತಳ ಅನುಕೂಲ. ಬೇಕಾದ ಉದ್ದದಿಂದ ಬೇಕಾದ ಅಗಲವನ್ನು ಕಳೆದರೆ ಉಳಿಯುವುದೇ ಮೊದಲ ಸರಪಳಿಯ ಅಳತೆ. 12 ಅಂಗುಲ ಉದ್ದ, 5 ಅಂಗುಲ ಅಗಲದ ತಳಕ್ಕೆ 7 ಅಂಗುಲದ ಸರಪಳಿ ಸಾಕು. ಅದರ ಎರಡು ಮಗ್ಗುಲಲ್ಲಿಯೂ ಕಂಬ ಹಾಕುತ್ತ, ತುದಿಯ ಕುಣಿಕೆಗಳಲ್ಲಿ ಮೂರು ಮೂರು ಹಾಕಿರಿ. ಮುಂದಿನ ಪ್ರತಿ ಸುತ್ತಿನಲ್ಲಿಯೂ ಒಂದೊಂದು ತುದಿಗೆ ಮೂರರಂತೆ ಏರಿಸಿರಿ. ಇಲ್ಲಿಯೂ ಒಟ್ಟು ಆರೇ!

ಗಟ್ಟಿತನ

ಉಣ್ಣೆ ಹಿಗ್ಗುವುದು, ದಪ್ಪ ಹತ್ತಿನೂಲು ಅಥವಾ ಸೆಣಬು ಲೇಸು. ಎರಡೆಳೆ ಕೂಡಿಸಿ, ಆ ನೂಲಿಗೆ ಹೇಳಿದುದಕ್ಕಿಂತ ಒಂದು ಅಳತೆ ಕಿರಿದಾದ ಕಡ್ಡಿಯಿಂದ ಬಿಗಿಯಾಗಿ ಹೆಣೆಯಿರಿ. ಇನ್ನೂ ಬಲ ಬೇಕಾದರೆ ಹಿಂದಿನ ಸುತ್ತಿನ ಮೇಲೆ ತೆಳುವಾದ ತೆಂಗಿನ ನಾರಿನ ಹುರಿಯನ್ನಿಟ್ಟು, ಕಂಬಗಳು ಅದನ್ನು ಅಪ್ಪಿಕೊಳ್ಳುವಂತೆ ಹೆಣೆಯಬೇಕು. ನಾರು ನೀರಿಗೆ ಬೇಗನೆ ಕೊಳೆಯುವುದಿಲ್ಲ.

ನಮ್ಮ ತೋಟಗಳಲ್ಲಿ ಉದುರಿಬೀಳುವ ಅಡಿಕೆಹಾಳೆಯೂ ನೆರವಾಗುವುದು. ಅದನ್ನು ನೆನೆಸಿ ಮೆತ್ತಗಾದ ಮೇಲೆ ಭಾರದಡಿಯಲ್ಲಿಟ್ಟು ಒಣಗಿಸಿದರೆ ಮಟ್ಟಸವಾಗುವುದು. ತಳದ ಆಕಾರಕ್ಕೆ ಕತ್ತರಿಸಿ, ಹೆಣೆದ ಎರಡು ತಳಗಳ ನಡುವೆ ಇಟ್ಟು, ಒಂದು ಕಡೆ ತೆರೆಯುವಂತೆ ಬಿಟ್ಟು ಅಂಚನ್ನು ಹೊಲಿಯಿರಿ. ಒಗೆಯುವಾಗ ಹಾಳೆಯನ್ನು ಹೊರತೆಗೆಯಬಹುದು. ಆಟಿಯ ಮಳೆಗೆ ಬೂಷ್ಟು ಹಿಡಿದರೆ ಹೊಸ ಹಾಳೆಯನ್ನಿಡಲೂಬಹುದು.

ತಳ ಮುಗಿದ ಮೇಲೆ ಗೋಡೆ ಏಳಬೇಕಲ್ಲವೆ? ಆ ಒಂದು ಸುತ್ತಿನಲ್ಲಿ ಏರಿಕೆಯಿಲ್ಲದೆ, ಪ್ರತಿ ಕಂಬದ ಹಿಂದಿನ ಎಳೆಯನ್ನು ಮಾತ್ರ ಹಿಡಿದು ಹೆಣೆಯಿರಿ. ಮುಂದಿನ ಎಳೆಗಳು ಹೊರಗುಳಿದು ಅಂಚಿಗೆ ಸ್ಪಷ್ಟವಾದ ಮಡಿಕೆ ಬರುವುದು. ಅದಕ್ಕೆ ಮುನ್ನ ತಳವನ್ನು ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿ ನೋಡಿರಿ. ಅಲುಗಿದರೆ ಸಂಕೋಚಪಡದೆ ಬಿಚ್ಚಬೇಕು. ಗೋಡೆ ಎದ್ದ ಮೇಲೆ ತಿದ್ದುವುದು ಕಷ್ಟ.

ಹೀಗೆ ಒಂದು ತಳವನ್ನು ಎಣಿಸಿ, ಬಿಚ್ಚಿ, ಮತ್ತೆ ಹೆಣೆದವರಿಗೆ ಇನ್ನೊಬ್ಬರ ಶ್ರಮದ ಬೆಲೆಯೂ ತಿಳಿಯುವುದು. ಮುಂದಿನ ಸಲ ಕೈಹೆಣಿಗೆಯ ಬುಟ್ಟಿಯನ್ನು ಕೊಳ್ಳುವಾಗ, ನಾಲ್ಕು ಕಾಸಿಗೆ ಚೌಕಾಸಿ ಮಾಡುವ ಮುನ್ನ ಅದನ್ನೊಮ್ಮೆ ಮಗುಚಿ ತಳವನ್ನು ನೋಡಿರಿ.