ಹತ್ತು ಅಂಗಡಿ, ಯಜಮಾನರು ಎಷ್ಟು?

ಮೊನ್ನೆ ಫೋನ್-ಇನ್ ಕಾರ್ಯಕ್ರಮ ಮುಗಿಯೋ ಹೊತ್ತಿಗೆ ಹಿರಿಯರೊಬ್ಬರು ಲೈನಿಗೆ ಬಂದರು. "ಸಾರ್, ರಿಮೋಟ್ ಒತ್ತಿ ಒತ್ತಿ ಬೆರಳು ನೋವು ಬಂತು. ಹತ್ತು ಚಾನೆಲ್ ತಿರುಗಿಸಿದ್ರೂ ಹತ್ತರಲ್ಲೂ ಅದೇ ಸುದ್ದಿ. ನಿಮಗೆಲ್ಲಾ ಯಜಮಾನ ಒಬ್ಬನೇನಾ?" ಅಂದರು. ಬ್ರೇಕಿಗೆ ಟೈಮಾಗಿತ್ತು. ನಕ್ಕು ತಪ್ಪಿಸಿಕೊಂಡೆ. ಆದರೆ ಆ ಉತ್ತರ ನನ್ನ ಮೇಲೆ ಸಾಲವಾಗಿ ಉಳೀತು. ಇವತ್ತು ತೀರಿಸ್ತೀನಿ.

ನೋಡಿ, ನಿಮ್ಮೂರಲ್ಲಿ ಹತ್ತು ದಿನಸಿ ಅಂಗಡಿ ಇವೆ ಅಂದ್ಕೊಳ್ಳಿ. ಹತ್ತಕ್ಕೂ ಮಾಲೀಕ ಒಬ್ಬನೇ ಆದರೆ? ಅವನು ಹೇಳಿದ್ದೇ ರೇಟು. ಸುದ್ದಿಯಲ್ಲಿ ರೇಟಿನ ಪ್ರಶ್ನೆ ಇಲ್ಲ, ಯಾವ ಸುದ್ದಿ ಬರಬೇಕು, ಯಾವುದು ಬರಲೇಬಾರದು ಅನ್ನೋ ಪ್ರಶ್ನೆ ಇದೆ. ಅದಕ್ಕೇ ಅಂಗಡಿ ಎಣಿಸಿದರೆ ಸಾಲದು, ಯಜಮಾನರನ್ನೂ ಎಣಿಸಬೇಕು.

ಅಮೆರಿಕದವರು ಇದನ್ನು 1975ರಲ್ಲೇ ಯೋಚಿಸಿದರು. ಒಂದೇ ಊರಿನಲ್ಲಿ ದಿನಪತ್ರಿಕೆಯನ್ನೂ ಟಿವಿ ಅಥವಾ ರೇಡಿಯೋ ಕೇಂದ್ರವನ್ನೂ ಹೊಸದಾಗಿ ಒಬ್ಬರೇ ಇಟ್ಟುಕೊಳ್ಳುವಂತಿಲ್ಲ ಅಂತ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ನಿಯಮ ಮಾಡಿತು. 2003ರ ಜೂನ್ 2ರಂದು ಅದೇ ಎಫ್‌ಸಿಸಿ 3-2 ಮತಗಳಿಂದ ಆ ನಿಯಮ ಸಡಿಲಿಸಲು ಹೊರಟಿತು. ಎಲ್ಲಿ ಸಡಿಲಿಸಬಹುದು ಅಂತ ಗೊತ್ತಾಗೋದು ಹೇಗೆ? ಅದಕ್ಕೊಂದು ಅಳತೆಗೋಲು ತಂದರು. ಹೆಸರು ಡೈವರ್ಸಿಟಿ ಇಂಡೆಕ್ಸ್, ಅಂದರೆ ವೈವಿಧ್ಯದ ಸೂಚ್ಯಂಕ.

ಅದರ ಬೇರು ಇರೋದು ಅರ್ಥಶಾಸ್ತ್ರಜ್ಞರು ಬಳಸುವ ಎಚ್‌ಎಚ್‌ಐ ಲೆಕ್ಕದಲ್ಲಿ. ಭಯ ಬೀಳಬೇಡಿ, ಹೈಸ್ಕೂಲ್ ಗಣಿತ ಸಾಕು. ಒಬ್ಬೊಬ್ಬರ ಶೇಕಡಾ ಪಾಲನ್ನು ವರ್ಗ ಮಾಡಿ, ಎಲ್ಲ ಕೂಡಿಸಿ. ನಾಲ್ಕು ಪತ್ರಿಕೆಗಳಿಗೆ ತಲಾ 25 ಪಾಲು ಇದ್ದರೆ ಮೊತ್ತ 2500. ಅದೇ ಒಂದಕ್ಕೆ 70, ಉಳಿದ ಮೂರಕ್ಕೆ ತಲಾ 10 ಇದ್ದರೆ? 5200. ಎರಡೂ ಕಡೆ ಪತ್ರಿಕೆ ನಾಲ್ಕೇ. ಆದರೆ ಅಂಕಿ ಏರಿದಷ್ಟೂ ಹಿಡಿತ ಒಬ್ಬರ ಕೈಗೆ ಹೋಗಿದೆ ಅಂತ ಅರ್ಥ.

ಎಫ್‌ಸಿಸಿ ಸ್ಥಳೀಯ ಸುದ್ದಿಯಲ್ಲಿ ಟಿವಿಗೆ ಶೇ. 33.8, ಪತ್ರಿಕೆಗಳಿಗೆ 28.8, ರೇಡಿಯೋಗೆ 24.9, ಇಂಟರ್ನೆಟ್‌ಗೆ 12.5 ತೂಕ ಕೊಟ್ಟಿತು. ಇಲ್ಲಿವರೆಗೆ ಸರಿ ಅನ್ನೋಣ. ಎಡವಟ್ಟಾಗಿದ್ದು ಮುಂದೆ. ಟಿವಿಗೆ ಬಂದ ತೂಕವನ್ನು ಊರಿನ ಎಲ್ಲ ಟಿವಿ ಕೇಂದ್ರಗಳಿಗೂ ಸಮವಾಗಿ ಹಂಚಿಬಿಟ್ಟರು. ಪತ್ರಿಕೆಗಳಿಗೂ ಹಾಗೇ. ದೊಡ್ಡದು, ಚಿಕ್ಕದು ಅನ್ನೋ ಭೇದವೇ ಇಲ್ಲ! ಪರಿಣಾಮ ಏನು ಗೊತ್ತಾ? ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಡಚೆಸ್ ಕಮ್ಯುನಿಟಿ ಕಾಲೇಜಿನ ಟಿವಿ ಕೇಂದ್ರಕ್ಕೆ 1.5 ಪಾಲು ಬಂತು. ರೇಡಿಯೋ ಕೇಂದ್ರವನ್ನೂ ಸೇರಿಸಿಕೊಂಡ ನ್ಯೂಯಾರ್ಕ್ ಟೈಮ್ಸ್ ಕಂಪನಿಗೆ 1.4!

ಪ್ರಮೀಥಿಯಸ್ ರೇಡಿಯೋ ಪ್ರಾಜೆಕ್ಟ್ ಅನ್ನೋ ಫಿಲಡೆಲ್ಫಿಯಾದ ಪುಟ್ಟ ಸಂಘಟನೆ ಮತ್ತಿತರರು ಕೋರ್ಟಿಗೆ ಹೋದರು. 2004ರ ಜೂನ್ 24ರಂದು ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಈ ಸಮಪಾಲಿನ ಲೆಕ್ಕ ಒಪ್ಪಲಿಲ್ಲ. ಸ್ಥಳೀಯ ಸುದ್ದಿಗೆ ಇಂಟರ್ನೆಟ್‌ಗೆ ಕೊಟ್ಟ ತೂಕವೂ ಹೆಚ್ಚಾಯ್ತು ಅಂತು. ಪತ್ರಿಕೆಯ ವೆಬ್‌ಸೈಟಿನಲ್ಲಿ ಇರೋದು ಅದೇ ಪತ್ರಿಕೆಯ ದನಿ ತಾನೇ? ಎಫ್‌ಸಿಸಿ ಆ ಸೂಚ್ಯಂಕವನ್ನೇ ಕೈಬಿಟ್ಟಿತು. ಆದರೆ ಗುದ್ದಾಟ ಅಲ್ಲಿಗೆ ಮುಗೀಲಿಲ್ಲ. 2017ರಲ್ಲಿ ಎಫ್‌ಸಿಸಿ 1975ರ ನಿಯಮವನ್ನೇ ತೆಗೆದುಹಾಕಿತು. 2021ರ ಏಪ್ರಿಲ್ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ಎತ್ತಿಹಿಡಿಯಿತು.

"ಅದು ಅಮೆರಿಕದ ಕಥೆ, ನಮಗೇನು?" ಅಂತೀರಾ? ನಮ್ಮ ಟ್ರಾಯ್ ಕೂಡ 2014ರ ಆಗಸ್ಟ್ 12ರಂದು ಇದೇ ಎಚ್‌ಎಚ್‌ಐ ಅಳತೆಯನ್ನು ಶಿಫಾರಸು ಮಾಡಿತು. ಟಿವಿ ಮತ್ತು ಪತ್ರಿಕೆ ಎರಡನ್ನೂ ಅಳೆಯಿರಿ, ಅಳೆಯೋದು ಇಡೀ ದೇಶವನ್ನಲ್ಲ, ಒಂದೊಂದು ಭಾಷೆ ಮತ್ತು ಅದರ ರಾಜ್ಯವನ್ನು ಅಂತ ಹೇಳಿತು. ಇದು ಕನ್ನಡಿಗರಿಗೆ ದೊಡ್ಡ ಮಾತು. ದೆಹಲಿಯ ಲೆಕ್ಕದಲ್ಲಿ ಸಾಸಿವೆಯಷ್ಟು ಕಾಣೋ ಕಂಪನಿ ಕನ್ನಡದ ಲೆಕ್ಕದಲ್ಲಿ ಬೆಟ್ಟದಷ್ಟಾಗಬಹುದು. ರಾಜಕೀಯ ಪಕ್ಷಗಳನ್ನು ಪ್ರಸಾರ ಕ್ಷೇತ್ರದಿಂದ ದೂರ ಇಡಬೇಕು ಅಂತಲೂ ಟ್ರಾಯ್ ಹೇಳಿತು. ಆ ಶಿಫಾರಸು ಕಾನೂನಾಗಲಿಲ್ಲ. 2022ರಲ್ಲಿ ಟ್ರಾಯ್ ಮತ್ತೆ ಸಮಾಲೋಚನಾ ಪತ್ರ ಹೊರಡಿಸಿತು. ಇನ್ನು ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದೋ ಅನುಮತಿಯೇ ಇಲ್ಲ. ಹೆಚ್ಚೆಂದರೆ ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. ಅಲ್ಲಿಗೆ ಒಂದು ದನಿ ಮೊದಲೇ ಕಡಿಮೆ.

ಈಗ ಆ ಹಿರಿಯರಿಗೆ ನನ್ನ ಉತ್ತರ. ಸಾರ್, ಯಜಮಾನ ಒಬ್ಬನೇ ಅಲ್ಲ. ಆದರೆ ಯಜಮಾನರು ಹತ್ತು ಮಂದಿ ಇದ್ದರೂ ಎಲ್ಲರೂ ಟಿಆರ್‌ಪಿ ಹಿಂದೆ ಒಂದೇ ದಾರಿ ಹಿಡಿದು ಓಡಿದರೆ ನಿಮ್ಮ ಬೆರಳು ನೋವು ತಪ್ಪಲ್ಲ. ಆ ಓಟದಲ್ಲಿ ನಾನೂ ಇದ್ದೀನಿ. ನನಗೂ ಸಂಬಳ ಕೊಡೋ ಮಾಲೀಕರಿದ್ದಾರೆ. ಹಾಗಾಗಿ ನನ್ನ ಮಾತನ್ನೂ ತೂಗಿಯೇ ನೋಡಿ.

ಒಂದು ಕೆಲಸ ಮಾಡಿ. ಒಂದು ವಾರ ಪೇಪರ್, ಪೆನ್ನು ಹಿಡಿದು ಕೂತ್ಕೊಳ್ಳಿ. ನಿಮ್ಮ ಊರಿನ ನೀರು, ಶಾಲೆ, ಪಂಚಾಯಿತಿ ಬಗ್ಗೆ ಎಷ್ಟು ಸುದ್ದಿ ಬಂತು, ಎಲ್ಲಿ ಬಂತು, ಆ ಚಾನೆಲ್, ಪತ್ರಿಕೆ ಯಾರದ್ದು ಅಂತ ಬರೆದಿಡಿ. ಆಮೇಲೆ ಫೋನ್ ಮಾಡಿ. ಈ ಸಲ ನಾನು ಬ್ರೇಕಿಗೆ ಹೋಗಲ್ಲ.