ಬ್ಯಾಟರಿ ಸತ್ತರೂ ಸಾಯದ ಮುಸ್ತಫಾ

ಕಮಲಾಪುರಕ್ಕೆ ಹೋದವರು ಕೆಂಬಾಳೆ ಹಿಡಿದುಕೊಂಡು ಬರುತ್ತಾರೆ. ನಾನು ತಂದದ್ದು ಒಂದು ಗೇಮ್ ಡಬ್ಬಿ. ಸೈಕಲ್ ಅಂಗಡಿಯೊಂದರ ಹಿತ್ತಲಲ್ಲಿ ಹಳೇ ಟೈರು, ಟ್ಯೂಬು ತುಂಬಿಡಲು ಅದನ್ನು ಇಟ್ಟುಕೊಂಡಿದ್ದರು. ಸನ್‌ಮೈಕಾ ಸುಲಿದಿತ್ತು. ಎರಡು ಜಾಯ್‌ಸ್ಟಿಕ್ಕುಗಳಲ್ಲಿ ಒಂದು ಮಾಯವಾಗಿತ್ತು. ತಳದ ಪ್ಲೈವುಡ್ ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿತ್ತು. “ಇದ್ರಾಗ ಏನದ ಅಂತ ಒಯ್ಲತ್ತೀರ್ರಿ ಸರ್?” ಅಂದರು ಅಂಗಡಿಯವರು. ಹಿಂಬದಿಯ ಹಲಗೆ ಬಿಚ್ಚಿ ನೋಡಿದೆ. ಪಿಕ್ಚರ್ ಟ್ಯೂಬ್ ಒಡೆದಿರಲಿಲ್ಲ. ಅದರ ಕೆಳಗೆ, ಬೆರಳು ದಪ್ಪದ ಧೂಳು ಹೊದ್ದು, ಆಟದ ಸರ್ಕ್ಯೂಟ್ ಬೋರ್ಡು ಕೂತಿತ್ತು.

ನನ್ನ ಮನೆ ಕಲಬುರಗಿಯ ಐವಾನ್-ಎ-ಶಾಹಿ ಪ್ರದೇಶದಲ್ಲಿದೆ. ನಿಜಾಮರು ಊರಿಗೆ ಬಂದಾಗ ತಂಗುತ್ತಿದ್ದ ಕಲ್ಲಿನ ಅತಿಥಿಗೃಹದಿಂದ ಈ ಜಾಗಕ್ಕೆ ಆ ಹೆಸರು. ಆ ಕಟ್ಟಡ ಇವತ್ತಿಗೂ ಗಟ್ಟಿಯಾಗಿ ನಿಂತಿದೆ, ನೋಡಿಕೊಳ್ಳಲು ಸರ್ಕಾರವೂ ಇದೆ. ಪ್ಲೈವುಡ್ಡಿನ ಡಬ್ಬಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಹಾಗಾಗಿ ಅದನ್ನು ಹಜಾರದ ಶಹಾಬಾದಿ ಪರ್ಸಿ ಹಾಸುಗಲ್ಲಿನ ಮೇಲೆ ನಿಲ್ಲಿಸಿಕೊಂಡೆ.

ಮೊದಲ ಸಲ ಸ್ವಿಚ್ ಹಾಕಿದಾಗ ಪರದೆಯ ನಡುವೆ ಅಡ್ಡಕ್ಕೆ ಒಂದೇ ಒಂದು ಬಿಳಿ ಗೆರೆ ಮೂಡಿತು. ಚಿತ್ರ ಬರಲಿಲ್ಲ, ಆದರೆ ಸ್ಪೀಕರು ಮಾತಾಡಿತು. ಬಡಕಲು, ತುಸು ಒಡೆದ ದನಿ. ಅದನ್ನು ಕೇಳಿದ್ದೇ ತಡ, ಮೂವತ್ತು ವರ್ಷದ ಹಿಂದಿನ ವಿಡಿಯೋ ಗೇಮ್ ಅಂಗಡಿಯ ಕತ್ತಲೆ, ಬೆವರು, ಟೋಕನ್ ಬೀಳುವ ಸದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಮುಸ್ತಫಾ!

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗಾಗಿ ಹೇಳುತ್ತೇನೆ: ಇದು ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ಆಟ. ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’. ಅಮೆರಿಕದ ಮಾರ್ಕ್ ಶುಲ್ಟ್ಸ್ ಎಂಬ ಚಿತ್ರಕಲಾವಿದ ಎಂಬತ್ತರ ದಶಕದಲ್ಲಿ ಬರೆಯತೊಡಗಿದ ‘ಜೀನೊಜೋಯಿಕ್ ಟೇಲ್ಸ್’ ಕಾಮಿಕ್ಸ್ ಅದರ ಮೂಲ. ಡೈನೊಸಾರುಗಳು ಮರಳಿ ಬಂದಿರುವ ಮುಂದಿನ ಕಾಲದ ಭೂಮಿ. ಅವನ್ನು ಬೇಟೆಯಾಡುವ ದುಷ್ಟರು. ಅವರನ್ನು ಬಡಿಯಲು ನಾಲ್ವರು: ಜ್ಯಾಕ್, ಹ್ಯಾನಾ, ಮೆಸ್ ಮತ್ತು ಹಳದಿ ಟೊಪ್ಪಿಗೆಯ ಮುಸ್ತಫಾ ಕೈರೊ. ಕಥೆಯಲ್ಲಿ ಅವನು ಎಂಜಿನಿಯರ್. ಆಟದಲ್ಲಿ ನಾಲ್ವರ ಪೈಕಿ ಅತಿ ವೇಗದವನು, ಓಡಿ ಬಂದು ಒದ್ದನೆಂದರೆ ಎದುರಿನ ಸಾಲೇ ಮಲಗುತ್ತಿತ್ತು.

ಕ್ಯಾಡಿಲಾಕ್ ಕಾರನ್ನು ನಮ್ಮಲ್ಲಿ ಕಂಡವರಾರು? ಬಂದೇನವಾಜರ ದರ್ಗಾದ ಊರಿನಲ್ಲಿ ಮುಸ್ತಫಾ ಎಂಬ ಹೆಸರು ಮಾತ್ರ ಓಣಿಗೊಂದು, ತರಗತಿಗೊಂದು ಇರುತ್ತಿತ್ತು. ಪರದೆಯ ಮೇಲಿನ ಅಪರಿಚಿತ ಇಂಗ್ಲಿಷಿನ ನಡುವೆ ಗುರುತಿನವನೊಬ್ಬ ಸಿಕ್ಕ. ಹುಡುಗರು ಆಟಕ್ಕೇ ಅವನ ಹೆಸರಿಟ್ಟರು. ಕಲಬುರಗಿಯಲ್ಲಿ ಮಾತ್ರ ಅಲ್ಲ, ಭಾರತದ ಊರೂರಲ್ಲಿ, ಪಾಕಿಸ್ತಾನದಲ್ಲಿ, ಬಾಂಗ್ಲಾದೇಶದಲ್ಲಿ ಕೂಡ ಇದು ಮುಸ್ತಫಾ ಆಟವೇ. ಯಾವ ಜಾಹೀರಾತೂ ಇಲ್ಲದೆ, ಒಬ್ಬರಿಗೊಬ್ಬರು ಹೇಳದೆಯೇ ಮೂರು ದೇಶದ ಮಕ್ಕಳು ಒಂದೇ ಹೆಸರಿಗೆ ಬಂದು ನಿಂತದ್ದು ನನಗೆ ಇವತ್ತಿಗೂ ಸೋಜಿಗ.

ಆ ಬಡಕಲು ದನಿಯ ಬೆನ್ನು ಹತ್ತಿದಾಗಲೇ ದೊಡ್ಡ ಜಗಳವೊಂದು ನನಗೆ ತಿಳಿದದ್ದು.

1991ರಲ್ಲಿ ಕ್ಯಾಪ್‌ಕಾಮ್ ‘ಸ್ಟ್ರೀಟ್ ಫೈಟರ್ 2’ ತಂದಿತು. ಅದು ಜಗತ್ತನ್ನೇ ಗೆದ್ದಿತು, ಜೊತೆಗೆ ನಕಲಿಗಳ ಸಂತೆಯೂ ನೆರೆಯಿತು. ‘ರೇನ್‌ಬೋ’ ಎಂದು ಹೆಸರಾದ ನಕಲಿಯಲ್ಲಂತೂ ಗಾಳಿಯಲ್ಲಿ ತೇಲುತ್ತಲೇ ಬೆಂಕಿಯುಂಡೆ ಎಸೆಯಬಹುದಿತ್ತು, ಹೊಡೆದಾಟದ ನಡುವೆಯೇ ಪಾತ್ರವನ್ನು ಬದಲಿಸಬಹುದಿತ್ತು. ಅದರ ಹುಚ್ಚು ವೇಗಕ್ಕೆ ಜನ ಮರುಳಾದದ್ದು ಕಂಡು, ಕಂಪನಿಯೇ 1992ರ ಕೊನೆಗೆ ವೇಗ ಹೆಚ್ಚಿಸಿದ ಆವೃತ್ತಿ ಬಿಟ್ಟಿತು. ನಕಲು ತಡೆಯಲು ಮರುವರ್ಷದ ‘ಕ್ಯಾಡಿಲಾಕ್ಸ್’ ಬೋರ್ಡಿಗೆ ಕಂಪನಿ ಬೀಗವನ್ನೇ ಹಾಕಿತು. ಕ್ಯೂಸೌಂಡ್ ಎಂಬ ಧ್ವನಿವ್ಯವಸ್ಥೆಯನ್ನು ನಡೆಸುವ ‘ಕಬುಕಿ’ ಚಿಪ್ಪಿಗೆ ಕೊಡುವ ಆದೇಶಗಳೆಲ್ಲ ಗುಪ್ತಲಿಪಿಯಲ್ಲಿ. ಅದನ್ನು ಬಿಡಿಸುವ ಕೀಲಿ ಒಂದು ಪುಟ್ಟ ಲಿಥಿಯಂ ಬ್ಯಾಟರಿಯ ಬಲದ ಮೇಲೆ ಚಿಪ್ಪಿನ ನೆನಪಿನಲ್ಲಿ ಉಳಿದಿರುತ್ತದೆ. ಬ್ಯಾಟರಿ ಬರಿದಾದ ದಿನ ಕೀಲಿ ಅಳಿಯುತ್ತದೆ, ಬೋರ್ಡಿನ ಆಯುಷ್ಯವೂ ಮುಗಿಯುತ್ತದೆ. ರಿಪೇರಿಯವರು ಇಂಥದ್ದನ್ನು ಆತ್ಮಹತ್ಯೆಯ ಬ್ಯಾಟರಿ ಎನ್ನುತ್ತಾರೆ. ದುಡ್ಡು ಕೊಟ್ಟು ಕೊಂಡವನ ವಸ್ತುವಿನೊಳಗೆ ಅದರ ಸಾವನ್ನೂ ಇಟ್ಟು ಮಾರುವುದು ಯಾವ ನ್ಯಾಯ? ಈ ಮಾತು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನನ್ನ ಬೋರ್ಡಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಕಬುಕಿ ಚಿಪ್ಪೂ ಇಲ್ಲ, ಕ್ಯೂಸೌಂಡೂ ಇಲ್ಲ. ಆ ಜಾಗದಲ್ಲಿ ಪಿಐಸಿ ಎಂಬ ಅಗ್ಗದ ಚಿಪ್ಪು, ಅದರ ಪಕ್ಕ ಓಕಿ ಕಂಪನಿಯ 6295 ಧ್ವನಿ ಚಿಪ್ಪು. ನಕಲು ಮಾಡಿದವರು ಬೀಗ ಒಡೆಯುವ ಗೋಜಿಗೇ ಹೋಗಿಲ್ಲ. ಬಾಗಿಲನ್ನೇ ಕಿತ್ತು ತಮ್ಮದೊಂದು ಕೂರಿಸಿದ್ದಾರೆ. ಧ್ವನಿ ಬಡವಾಯಿತು, ಆದರೆ ಬೋರ್ಡಿಗೆ ಸಾಯುವ ದಿನವೆಂಬುದು ಇಲ್ಲವಾಯಿತು.

ಇನ್ನೂ ಒಂದು ಮಾತು. ಈ ಆಟವನ್ನು ಕ್ಯಾಪ್‌ಕಾಮ್ ಟಿವಿಗೆ ಸಿಕ್ಕಿಸಿ ಆಡುವ ಯಾವ ಮನೆಯಂತ್ರಕ್ಕೂ ತರಲಿಲ್ಲ. 1994ರಲ್ಲಿ ಸೆಗಾ ಸಿಡಿ ಎಂಬ ಮನೆಯಂತ್ರಕ್ಕೆ ಇದೇ ಕಥೆಯ ಒಂದು ಆಟ ಬಂತು, ಅದು ಕಾರು ಓಡಿಸುವ ಬೇರೆಯೇ ಆಟ. ಮುಸ್ತಫಾ ಇದ್ದದ್ದು ಅಂಗಡಿಯ ಡಬ್ಬಿಗಳಲ್ಲಿ ಮಾತ್ರ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಹಳೆಯ ಡಬ್ಬಿ ಆಟಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ‘ಮೇಮ್’ ಎಂಬ ತಂತ್ರಾಂಶ ಶುರುಮಾಡಿದರು. ಮುಂದೆ ಅದರ ಆಟಗಳ ಪಟ್ಟಿಗೆ ಅಸಲಿ ಮುಸ್ತಫಾ ಜೊತೆ ಪಿಐಸಿ ಚಿಪ್ಪಿನ ನಕಲಿಯೂ ಸೇರಿತು. ನಕಲಿಗೂ ಚರಿತ್ರೆಯಲ್ಲಿ ಒಂದು ಮಣೆ ಹಾಕಿದ್ದು ದೊಡ್ಡ ಮನಸ್ಸಿನ ಕೆಲಸ. ನಾನು ಅಸಲಿ ಸಂಗೀತ ಕೇಳಿದ್ದು ಮೇಮ್‌ನಲ್ಲೇ. ತುಂಬು ದನಿ, ಕಿವಿಗೆ ಇಂಪು. ಆದರೂ ಪಕ್ಕದ ಮನೆಯವರ ಹಾಡು ಕೇಳಿದ ಹಾಗಾಯಿತು. ನನ್ನ ಬಾಲ್ಯದ ಸದ್ದು ನಕಲಿಯದು.

ರಿಪೇರಿಯ ಹೆಚ್ಚಿನ ಪಾಲು ಟಿವಿ ಮೆಕ್ಯಾನಿಕ್ ಒಬ್ಬರಿಂದ ಕಲಿತದ್ದು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಬಿಳಿ ಗೆರೆ ನೋಡಿದವರೇ “ವರ್ಟಿಕಲ್ ಹೋಗ್ಯಾದ, ಐಸಿ ಕಾಲು ನೋಡು” ಅಂದರು. ಡ್ರೈ ಸೋಲ್ಡರ್ ಕಾಯಿಸಿ ಮತ್ತೆ ಕೂರಿಸಿದೊಡನೆ ಗೆರೆ ಹಿಗ್ಗಿ ಚಿತ್ರವಾಯಿತು. ಈ ಆಟದ ಬೋರ್ಡು ಸೆಕೆಂಡಿಗೆ ಹದಿನೈದು ಸಾವಿರ ಚಿಲ್ಲರೆ ಗೆರೆ ಎಳೆಯುತ್ತದೆ, ಹಳೇ ಕಲರ್ ಟಿವಿಯೂ ಹೆಚ್ಚೂಕಡಿಮೆ ಅಷ್ಟೇ. ಟಿವಿ ಬಲ್ಲವರಿಗೆ ಈ ಡಬ್ಬಿ ಪರಕೀಯ ಅನ್ನಿಸದ ಗುಟ್ಟು ಇದು. ಜಪಾನಿನ ಆಟದ ಯಂತ್ರ ತಯಾರಕರ ಸಂಘ 1985ರ ಹೊತ್ತಿಗೆ ‘ಜಾಮಾ’ ಎಂಬ 56 ಪಿನ್ನುಗಳ ಒಂದೇ ಮಾದರಿಯ ಕನೆಕ್ಟರ್ ಗೊತ್ತುಮಾಡಿತ್ತು. ಆಮೇಲೆ ಯಾವ ಬಡಗಿ ಮಾಡಿದ ಪೆಟ್ಟಿಗೆಗೂ ಯಾವ ಕಂಪನಿಯ ಬೋರ್ಡನ್ನೂ ಸಿಕ್ಕಿಸಬಹುದಾಯಿತು. ಜಾಮಾದಲ್ಲಿ ಜಾಗ ಇಬ್ಬರಿಗಷ್ಟೇ. ಮೂವರು ಸೇರಿ ಆಡಬಹುದಾದ ಮುಸ್ತಫಾ ನನ್ನ ಡಬ್ಬಿಯಲ್ಲಿ ಇಬ್ಬರ ಆಟವಾಗಿರುವುದು ಅದಕ್ಕೇ.

ಚಿತ್ರ ಬಂದರೂ ಆಟ ನಡುನಡುವೆ ತಾನೇ ಮೊದಲಿನಿಂದ ಶುರುವಾಗುತ್ತಿತ್ತು. ಮಲ್ಟಿಮೀಟರ್ ಇಟ್ಟರೆ 5 ವೋಲ್ಟ್ ಇರಬೇಕಾದಲ್ಲಿ 4.6. ಪವರ್ ಸಪ್ಲೈಯ ಕೆಪಾಸಿಟರುಗಳು ಒಣಗಿದ್ದವು. ಬೇಸಿಗೆಯಲ್ಲಿ ನೆರಳೇ 40 ಡಿಗ್ರಿ ದಾಟುವ ಸೀಮೆ ನಮ್ಮದು, ಮುಚ್ಚಿದ ಪೆಟ್ಟಿಗೆಯೊಳಗಿನ ಕಾವು ಇನ್ನೂ ಹೆಚ್ಚು. 105 ಡಿಗ್ರಿ ತಾಳುವ ಕೆಪಾಸಿಟರುಗಳನ್ನೇ ಹಾಕಿದೆ. ತಳದ ಪ್ಲೈವುಡ್ ಉಬ್ಬಿದ್ದು ಮೊದಲು ಇದ್ದಲ್ಲಿ ದಿನಾ ಪರ್ಸಿ ತೊಳೆದ ನೀರಿಗೆ. ಅದಕ್ಕೆ ಒಂದಂಗುಲದ ರಬ್ಬರ್ ಕಾಲು ಕೊಟ್ಟೆ. ಪಿಕ್ಚರ್ ಟ್ಯೂಬಿನ ಕೆಲಸಕ್ಕೆ ಮಾತ್ರ ಉಸ್ತಾದರಿಲ್ಲದೆ ಕೈಹಾಕಲಿಲ್ಲ. ಸ್ವಿಚ್ ಆರಿಸಿದ ಮೇಲೂ ಅದು ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲದು.

ಇಷ್ಟೆಲ್ಲ ಯಾಕೆ, ಒಳಗಿನದನ್ನು ಎಸೆದು ಎಲ್‌ಇಡಿ ಪರದೆ ಕೂರಿಸಿ, ಸಾವಿರ ಆಟದ ಚಿಕ್ಕ ಕಂಪ್ಯೂಟರ್ ಹಾಕಿ ಎಂದವರೇ ಹೆಚ್ಚು. ಹಾಗೆ ಕರುಳು ಕಿತ್ತ ಡಬ್ಬಿಗಳನ್ನು ನೋಡಿದ್ದೇನೆ. ಹೊರಗೆ ಹೊಸ ಬಣ್ಣ, ಒಳಗೆ ಅಂಗೈಯಗಲದ ಒಂದು ಬೋರ್ಡು. ಕಿತ್ತ ಪಿಕ್ಚರ್ ಟ್ಯೂಬ್ ಗುಜರಿಗೆ. ಇಂಥ ಹೊಸ ಟ್ಯೂಬ್ ಈಗ ಸಿಗುವುದಿಲ್ಲ. ಒಂದು ಒಡೆದರೆ ಒಂದು ಕಡಿಮೆ, ಅಷ್ಟೇ. 384 ಅಡ್ಡ, 224 ಉದ್ದ ಚುಕ್ಕಿಗಳ ಆ ಚಿತ್ರವನ್ನು ಬರೆದದ್ದೇ ಟ್ಯೂಬಿನ ಮಸುಕಿಗಾಗಿ. ಎಲ್‌ಇಡಿಯಲ್ಲಿ ಮುಸ್ತಫಾನ ಮುಖ ಬರೀ ಚೌಕಗಳು.

ಹೋದ ಭಾನುವಾರ ಕಿಟಕಿ ತೆರೆದಿಟ್ಟು ಆಡುತ್ತಿದ್ದೆ. ಓಣಿಯಲ್ಲಿ ಹೋಗುತ್ತಿದ್ದ ಆಟೊ ನಿಂತಿತು. ನನ್ನದೇ ವಯಸ್ಸಿನ ಚಾಲಕರು ಬಗ್ಗಿ ಕೇಳಿದರು: “ಮುಸ್ತಫಾ ಅದ ಏನ್ರಿ ಒಳಗ?” ಚಿತ್ರ ಅವರಿಗೆ ಕಂಡಿರಲಿಲ್ಲ, ದನಿ ಮಾತ್ರ ಕೇಳಿತ್ತು. ಒಳಗೆ ಕರೆದೆ. ಬಲಗಡೆಗೆ ಹೊಸದಾಗಿ ಹಾಕಿದ ಸ್ಟಿಕ್ಕಿನ ಮೈಕ್ರೋಸ್ವಿಚ್ ಒಂದು ಇನ್ನೂ ಸರಿಯಾಗಿ ಕೂತಿಲ್ಲ, ಕೆಳಕ್ಕೆ ಒತ್ತಿದರೆ ಹಿಡಿಯುವುದಿಲ್ಲ ಎಂದು ಹೇಳಿದೆ. “ಇರ್ಲಿ ಬಿಡ್ರಿ” ಎನ್ನುತ್ತಾ ಅದನ್ನೇ ಹಿಡಿದು ನಿಂತರು. ಮೂರನೇ ಹಂತದ ಕಾರಿನ ತನಕ ಇಬ್ಬರೂ ಮುಟ್ಟಿದೆವು.